ಕಾರ್ಬನ್ ಲೆಕ್ಕ ಯಾರ ಎಂ ಬುಕ್‌ನಲ್ಲಿ?

ಕಟ್ಟಡದ ಕೆಲಸದಲ್ಲಿ ಅಳೆಯದೆ ಬಿಡುವುದು ಅಂತ ಏನೂ ಇಲ್ಲ. ಪಾಯದಲ್ಲಿ ಅಗೆದ ಮಣ್ಣು ಎಷ್ಟು, ಕಟ್ಟಿದ ಕಂಬಿ ಎಷ್ಟು, ಪ್ಲಾಸ್ಟರಿಂಗ್‌ನಲ್ಲಿ ಕಿಟಕಿ ಬಾಗಿಲಿಗೆ ಎಷ್ಟು ಕಳೆಯಬೇಕು, ಎಲ್ಲದಕ್ಕೂ ಟೇಪ್ ಹಿಡಿಯುತ್ತೇವೆ, ಎಂ ಬುಕ್‌ನಲ್ಲಿ ಅಂದರೆ ಅಳತೆ ಪುಸ್ತಕದಲ್ಲಿ ಬರೆಯುತ್ತೇವೆ, ಸಹಿ ಹಾಕಿಸಿಕೊಳ್ಳುತ್ತೇವೆ. ಒಂದು ಇಂಚು ಜಾಸ್ತಿ ಬರೆದರೆ ಆ ಕಡೆಯವರು ಬಿಡಲ್ಲ, ಕಡಿಮೆ ಬರೆದರೆ ನಮ್ಮ ಯಜಮಾನರು ಬಿಡಲ್ಲ. ನಾನು ತುಮಕೂರಿನಲ್ಲಿ ಗುತ್ತಿಗೆ ಕೆಲಸ ಮಾಡುವ ಒಂದು ಚಿಕ್ಕ ಕಂಪನಿಯ ಬಿಲ್ಲಿಂಗ್ ಎಂಜಿನಿಯರ್. ಇದೇ ನನ್ನ ದಿನನಿತ್ಯದ ಜಗಳ.

ಈಗ ಇದರ ಜೊತೆ ಇನ್ನೊಂದು ಲೆಕ್ಕ ಸೇರಿಕೊಂಡಿದೆ. ಕಾರ್ಬನ್. ಕಟ್ಟಡ ಕಟ್ಟುವಾಗ ಎಷ್ಟು ಇಂಗಾಲ ಗಾಳಿಗೆ ಹೋಯಿತು ಅನ್ನುವುದು. ಇದಕ್ಕೆ ಮಾತ್ರ ಟೇಪ್ ಯಾರು ಹಿಡಿಯಬೇಕು ಅಂತ ಯಾರಿಗೂ ಗೊತ್ತಿಲ್ಲ.

ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ನಾವೊಂದು ಫ್ಯಾಕ್ಟರಿ ಶೆಡ್ ಕಟ್ಟಿದೆವು. ಛಾವಣಿಯ ಶೀಟ್ ಕೂಡ ಕೂತಾಗಿತ್ತು, ಫೈನಲ್ ಬಿಲ್‌ಗೆ ನಾನು ಕೂತಿದ್ದೆ. ಆಗ ಒಂದು ಮೇಲ್ ಬಂತು. ಈ ಪ್ರಾಜೆಕ್ಟಿನ ಒಟ್ಟು ಕಾರ್ಬನ್ ಎಷ್ಟು ಅಂತ ಶುಕ್ರವಾರದೊಳಗೆ ತಿಳಿಸಿ, ಜೊತೆಗಿರುವ ಎಕ್ಸೆಲ್ ಶೀಟ್ ತುಂಬಿ ಕಳಿಸಿ. ಶೆಡ್ಡಿನ ಮಾಲೀಕರು ಯಾವುದೋ ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವವರು. ಆ ಕಂಪನಿ ಇವರನ್ನು ಕೇಳಿದೆ, ಇವರು ಕನ್ಸಲ್ಟೆಂಟನ್ನು ಕೇಳಿದ್ದಾರೆ, ಅವರು ನಮಗೆ ತಳ್ಳಿದ್ದಾರೆ. ನಮ್ಮ ಕೆಳಗೆ ತಳ್ಳೋಕೆ ಉಳಿದವರು ಮೇಸ್ತ್ರಿ ಒಬ್ಬರೇ.

ಇದು ಎಲ್ಲಿಂದ ಶುರುವಾಯಿತು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಷೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ ಪರಿಸರ, ಸಮಾಜದ ಹೊಣೆಯ ವರದಿ ಕೊಡಲೇಬೇಕು ಅಂತ ಮಾರುಕಟ್ಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಕಾರ್ಬನ್ ಲೆಕ್ಕಕ್ಕೆ ಮೂರು ಭಾಗ. ತಾವೇ ಸುಟ್ಟ ಇಂಧನ ಸ್ಕೋಪ್ 1. ಕೊಂಡ ಕರೆಂಟ್ ಸ್ಕೋಪ್ 2. ಬೇರೆಯವರಿಂದ ತಂದ ಸಾಮಾನು, ಮಾಡಿಸಿದ ಕೆಲಸ, ಇವೆಲ್ಲ ಸ್ಕೋಪ್ 3. ಈ ಮೂರನೆಯದು ಬಿಆರ್‌ಎಸ್‌ಆರ್‌ನಲ್ಲಿ ಇಷ್ಟವಿದ್ದರೆ ಕೊಡಿ ಅನ್ನುವ ಭಾಗದಲ್ಲಿ ಬಂತು. ಆದರೆ ಹೊರದೇಶದ ಗಿರಾಕಿಗಳಿರುವ ಕಂಪನಿಗಳು ಅದನ್ನೂ ಕೇಳೋಕೆ ಶುರು ಮಾಡಿವೆ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಎದ್ದ ಪ್ರಶ್ನೆ ಹೀಗೆ ಇಳಿದು ಇಳಿದು ವಸಂತನರಸಾಪುರದ ನಮ್ಮ ಸೈಟ್ ಆಫೀಸಿನ ತಗಡಿನ ಬಾಗಿಲು ತಟ್ಟುತ್ತದೆ.

ನಾನು ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆರ್ಕಿಟೆಕ್ಟ್ ಹೇಳಿದ್ದು, ನಾವು ಡ್ರಾಯಿಂಗ್ ಕೊಟ್ಟಾಯಿತು, ಕಟ್ಟಿದವರು ನೀವು. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಹೇಳಿದ್ದು, ಕ್ವಾಂಟಿಟಿ ನಿಮ್ಮ ಬಿಲ್ಲಿನಲ್ಲೇ ಇದೆಯಲ್ಲ, ನೆಟ್‌ನಲ್ಲಿ ಸಿಗುವ ಅಂಕಿಯಿಂದ ಗುಣಿಸಿ. ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಪ್ಲಾಂಟಿನವರು, ಕ್ಯೂಬ್ ಟೆಸ್ಟ್ ರಿಪೋರ್ಟ್ ಬೇಕಾದರೆ ಈಗಲೇ ಕಳಿಸುತ್ತೇವೆ ಮೇಡಂ, ಈ ಕಾರ್ಬನ್ ಎಲ್ಲ ಹೆಡ್ ಆಫೀಸ್ ಅಂದರು. ಕಂಬಿ ಮಾರಿದವರು ಜೋರಾಗಿ ನಕ್ಕರು. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರಲ್ಲ, ಹಾಗಾಯಿತು.

ಯಾರ ಮೇಲೂ ಗೂಬೆ ಕೂರಿಸುವ ಉದ್ದೇಶ ನನಗಿಲ್ಲ. ಪ್ರತಿಯೊಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇತ್ತು. ಆ ಸ್ವಲ್ಪ ಸ್ವಲ್ಪವನ್ನು ಒಂದು ಕಡೆ ಸೇರಿಸುವ ಕೆಲಸ ಯಾರ ಒಪ್ಪಂದದಲ್ಲೂ ಇರಲಿಲ್ಲ, ಅಷ್ಟೇ.

ಮೊದಲು ಕಾರ್ಬನ್ ಎಲ್ಲಿರುತ್ತೆ ಅಂತ ನೋಡಬೇಕು. ಸೈಟಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಹೊಗೆ. ಜೆಸಿಬಿ, ಜನರೇಟರ್, ಟಿಪ್ಪರ್. ಹಾಗಾಗಿ ಗುತ್ತಿಗೆದಾರನೇ ಕಾರ್ಬನ್ ಕಳ್ಳ ಅನ್ನಿಸುವುದು ಸಹಜ. ಒಂದು ಅಂದಾಜು ಲೆಕ್ಕ ಹಾಕೋಣ. ಕ್ರಷರ್ 30 ಕಿಲೋಮೀಟರ್ ದೂರ ಅಂತಿಟ್ಟುಕೊಳ್ಳಿ. ಟಿಪ್ಪರ್ ಖಾಲಿ ಹೋಗಿ ಜಲ್ಲಿ ತುಂಬಿಕೊಂಡು ಬಂದರೆ 60 ಕಿಲೋಮೀಟರ್, ಸುಮಾರು 17 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಸುಟ್ಟರೆ 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ ಒಂದು ಟ್ರಿಪ್‌ಗೆ 45 ಕೆಜಿ ಆಸುಪಾಸು. ಈಗ ಒಂದು ಮೂಟೆ ಒಪಿಸಿ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟ್ ತಗೊಳ್ಳಿ. 50 ಕೆಜಿ. ಒಂದು ಕೆಜಿಗೆ 0.9 ಕೆಜಿ ಅಂತ ಹಿಡಿದರೆ ಅದೂ 45 ಕೆಜಿ. ಟಿಪ್ಪರ್ ಹೊಗೆ ಬಿಡುತ್ತಾ ಕ್ರಷರ್‌ಗೆ ಹೋಗಿ ಬಂದದ್ದೂ, ಸ್ಟೋರಿನ ಮೂಲೆಯಲ್ಲಿ ಸುಮ್ನೆ ಮಲಗಿರುವ ಒಂದು ಮೂಟೆಯೂ ಸಮ!

ಸಿಮೆಂಟ್‌ಗೆ ಇಷ್ಟೊಂದು ಯಾಕೆ ಅಂದರೆ, ಕಾರಣ ಬರೀ ಕಲ್ಲಿದ್ದಲು ಅಲ್ಲ. ಸುಣ್ಣದ ಕಲ್ಲಿನ ಒಳಗೇ ಕಾರ್ಬನ್ ಡೈಆಕ್ಸೈಡ್ ಕೂತಿದೆ. 100 ಕೆಜಿ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, 44 ಕೆಜಿ ಗಾಳಿಗೆ ಹೋಗುತ್ತದೆ. ಯಾವ ಒಲೆಯಲ್ಲಿ ಸುಟ್ಟರೂ ಇದು ತಪ್ಪಲ್ಲ. ಇದರ ಮೇಲೆ ಕಿಲ್ನ್ (ಸಿಮೆಂಟ್ ಸುಡುವ ಗೂಡು) ಅನ್ನು 1450 ಡಿಗ್ರಿ ಹತ್ತಿರ ಕಾಯಿಸುವ ಇಂಧನ ಬೇರೆ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್‌ನಲ್ಲಿ ನೂರಕ್ಕೆ 7ರಿಂದ 8 ಪಾಲು ಸಿಮೆಂಟ್‌ನದ್ದು ಅಂತ ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಹೆಸರು ಕೇಳದವರು ಯಾರಿದ್ದಾರೆ? ಆದರೂ ಮೂಟೆಯ ಮೇಲೆ ವಾರ, ವರ್ಷ, ಎಂಆರ್‌ಪಿ ಎಲ್ಲ ನೋಡುತ್ತೇವೆ, ಇದನ್ನು ಮಾತ್ರ ಕೇಳಿಲ್ಲ.

ಹಾಗಾದರೆ ಒಂದು ಕಟ್ಟಡಕ್ಕೆ ಎಷ್ಟು ಸಿಮೆಂಟ್ ಅಂತ ತೀರ್ಮಾನ ಮಾಡುವವರು ಯಾರು? ನಾನಂತೂ ಅಲ್ಲ. ಡ್ರಾಯಿಂಗ್‌ನಲ್ಲಿ ಕಾಂಕ್ರೀಟ್ ದರ್ಜೆ ಎಂ 25 ಅಂತ ಬರೆದಿದ್ದರೆ ಎಂ 25 ಹಾಕುತ್ತೇವೆ, ಸ್ಲ್ಯಾಬ್ 150 ಎಂಎಂ ಅಂದರೆ 150. ಒಂದು 100 ಘನ ಮೀಟರ್ ಕಾಂಕ್ರೀಟ್ ಇದೆ ಅನ್ನಿ, ಘನ ಮೀಟರಿಗೆ 320 ಕೆಜಿ ಬರೀ ಒಪಿಸಿ ಹಾಕಿದರೆ ಸಿಮೆಂಟ್ ಒಂದರಿಂದಲೇ ಸುಮಾರು 29 ಟನ್ ಕಾರ್ಬನ್ ಡೈಆಕ್ಸೈಡ್. ಅದರಲ್ಲಿ ಸಿಮೆಂಟ್ ಬದಲು ನೂರಕ್ಕೆ 30 ಭಾಗ ಹಾರುಬೂದಿ (ಕಲ್ಲಿದ್ದಲು ಉರಿದ ಬೂದಿ) ಹಾಕಿದರೆ 20 ಟನ್ ಚಿಲ್ಲರೆಗೆ ಇಳಿಯುತ್ತದೆ, ಯಾಕೆಂದರೆ ಬೂದಿಯ ಲೆಕ್ಕಕ್ಕೆ ಬರುವುದು ತೀರಾ ಕಡಿಮೆ. ಇದೇನು ಹೊಸ ಪ್ರಯೋಗ ಅಲ್ಲ. ಅಂಗಡಿಯಲ್ಲಿ ಸಿಗುವ ಪಿಪಿಸಿ ಸಿಮೆಂಟ್‌ಗೆ ಭಾರತೀಯ ಮಾನದಂಡ ಐಎಸ್ 1489ರ ಪ್ರಕಾರ 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಸ್ಲ್ಯಾಗ್ ಸಿಮೆಂಟ್ ಆದರೆ ನೂರಕ್ಕೆ 70ರವರೆಗೂ ಸ್ಲ್ಯಾಗ್, ಅಂದರೆ ಕಬ್ಬಿಣದ ಕುಲುಮೆಯ ಕಿಟ್ಟ, ಹಾಕಬಹುದು. ಹೀಗೆ ಉಳಿತಾಯವಾದ ಎಂಟು ಟನ್ ಚಿಲ್ಲರೆ ಅಂದರೆ 3000 ಲೀಟರಿಗೂ ಮೇಲೆ ಡೀಸೆಲ್ ಸುಟ್ಟಷ್ಟು. ಡ್ರಾಯಿಂಗ್‌ನ ಕೆಳಗೆ ನೋಟ್ಸ್ ಅಂತ ಬರೆಯುತ್ತಾರಲ್ಲ, ಅಲ್ಲಿ ಒಂದು ಸಾಲು ಬದಲಾಯಿಸಿದರೆ ಸಾಕು, ನಾವು ಸೈಟಿನವರು ವರ್ಷವಿಡೀ ಡೀಸೆಲ್ ಉಳಿಸಿದರೂ ಅದರ ಹತ್ತಿರ ಬರಲ್ಲ.

ಹಾಗಂತ ಎಲ್ಲ ಡಿಸೈನರ್ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಹಾರುಬೂದಿ, ಸ್ಲ್ಯಾಗ್ ಹಾಕಿದ ಕಾಂಕ್ರೀಟ್ ಶುರುವಿನಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಸೆಂಟ್ರಿಂಗ್ ಬೇಗ ಬಿಚ್ಚೋಕಾಗಲ್ಲ. ಜಾಕಿ, ಶೀಟ್‌ಗಳ ಬಾಡಿಗೆ ದಿನದ ಲೆಕ್ಕದಲ್ಲಿ ಓಡುತ್ತಿರುತ್ತದೆ. ಕ್ಯೂರಿಂಗ್ ನೀರು ಜಾಸ್ತಿ ದಿನ ಬೇಕು, ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕರ್ ನೀರಿನ ರೇಟ್ ಗೊತ್ತೇ ಇದೆ. ಡಿಸೈನರ್ ಕಾರ್ಬನ್ ಇಳಿಸಿ ಹೆಸರು ತಗೊಳ್ಳುತ್ತಾರೆ, ಖರ್ಚು ನಮ್ಮ ಯಜಮಾನರ ಜೇಬಿನಿಂದ. ಇದನ್ನು ಮಾಲೀಕರ ಮುಂದೆ ಒಟ್ಟಿಗೆ ಕೂತು ಮೊದಲೇ ಮಾತಾಡಿಕೊಂಡರೆ ಆಯಿತು, ಸೆಂಟ್ರಿಂಗ್‌ಗೆ ಇಷ್ಟು ದಿನ ಹೆಚ್ಚು, ಅದಕ್ಕೆ ಇಷ್ಟು ರೇಟು ಅಂತ. ಕೆಲಸ ಶುರುವಾದ ಮೇಲೆ ಈ ಮಾತು ತೆಗೆದರೆ ಜಗಳ, ಕೆಲಸ ಮುಗಿದ ಮೇಲೆ ತೆಗೆದರೆ ಬರೀ ಪೋಸ್ಟ್‌ಮಾರ್ಟಂ. ನಮಗೆ ಬಂದ ಮೇಲ್ ಈ ಎರಡನೇ ಥರದ್ದು. ಆ ಅಂಕಿಯಿಂದ ಒಂದು ಕೆಜಿ ಸಿಮೆಂಟ್ ಕೂಡ ಉಳಿಯಲ್ಲ.

ಕಂಬಿಯದ್ದು ಇನ್ನೊಂದು ಕಥೆ. ಪ್ರತಿ ಲೋಡಿನ ಜೊತೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಹೀಟ್ ನಂಬರ್, ಇಂಗಾಲ ಎಷ್ಟು, ಗಂಧಕ ಎಷ್ಟು, ಎಷ್ಟು ಎಳೆದರೆ ಹರಿಯುತ್ತೆ, ಎಲ್ಲ ಇರುತ್ತದೆ. ಹೌದು, ಅದರಲ್ಲೂ ಇಂಗಾಲ ಅಂತ ಒಂದು ಕಾಲಂ ಇದೆ, ಆದರೆ ಅದು ಕಂಬಿಯ ಒಳಗಿನದ್ದು. ಗಾಳಿಗೆ ಹೋದದ್ದಕ್ಕೆ ಕಾಲಂ ಇಲ್ಲ. ಅದೇ 12 ಎಂಎಂ ಕಂಬಿ ಗುಜರಿ ಕರಗಿಸಿ ಮಾಡಿದ್ದೋ, ಅದಿರಿನಿಂದ ಬ್ಲಾಸ್ಟ್ ಫರ್ನೇಸ್‌ನಲ್ಲಿ ಮಾಡಿದ್ದೋ, ಕಲ್ಲಿದ್ದಲು ಹಾಕಿ ತೆಗೆದ ಸ್ಪಾಂಜ್ ಐರನ್‌ನದ್ದೋ ಅನ್ನುವುದರ ಮೇಲೆ ಅದರ ಕಾರ್ಬನ್ ಎಷ್ಟೋ ಪಟ್ಟು ಬದಲಾಗುತ್ತದೆ. ಉಕ್ಕು ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹಸಿರು ಉಕ್ಕು ಅಂದರೆ ಏನು ಅಂತ ಗೆರೆ ಎಳೆಯಿತು. ಒಂದು ಟನ್ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಇದ್ದರೆ ಸ್ಟಾರ್ ಸಿಗುತ್ತದೆ, 1.6ಕ್ಕಿಂತ ಕೆಳಗಿದ್ದರೆ ಐದು ಸ್ಟಾರ್. ಫ್ರಿಜ್‌ಗೆ ಇದ್ದ ಸ್ಟಾರ್ ಕಂಬಿಗೂ ಬಂತು. ಇದು ನಮ್ಮ ಬಿ.ಎಚ್. ರೋಡಿನ ಕಂಬಿ ಅಂಗಡಿಗೆ ತಲುಪೋಕೆ ಇನ್ನೂ ಟೈಮ್ ಬೇಕು ಅನ್ನಿಸುತ್ತದೆ. ಆದರೆ ಇದನ್ನು ಅಳೆಯಬೇಕಾದವರು ಯಾರು ಅಂತ ಯಾವ ಗೊಂದಲವೂ ಇಲ್ಲ, ಉಕ್ಕು ಮಾಡಿದವರು. ಅವರಿಗಷ್ಟೇ ಗೊತ್ತಿರೋದು. ನಾನು ಗೂಗಲ್ ಮಾಡಿ ಹಾಕಿದರೆ ಅದು ಅಂದಾಜು, ಅಳತೆ ಅಲ್ಲ.

ಇಂಥ ಅಂದಾಜಿಗೂ ಒಂದು ಮರ್ಯಾದೆ ಇದೆ, ಇಲ್ಲ ಅನ್ನಲ್ಲ. ಐಎಫ್‌ಸಿ ಅನ್ನುವ ವಿಶ್ವ ಬ್ಯಾಂಕ್ ಬಳಗದ ಸಂಸ್ಥೆ 2017ರಲ್ಲಿ ಭಾರತದ ಕಟ್ಟಡ ಸಾಮಗ್ರಿಗಳಿಗೇ ಅಂತ ಒಂದು ಪಟ್ಟಿ ತಂದಿದೆ. ನಮಗೆ ಬಂದ ಶೀಟ್‌ನಲ್ಲಿ ಇದ್ದದ್ದು ಇಂಗ್ಲೆಂಡಿನ ಅಂಕಿಗಳು. ಅಲ್ಲಿನ ಇಟ್ಟಿಗೆಗೂ ಮಾಲೂರಿನ ಇಟ್ಟಿಗೆ ಗೂಡಿನಿಂದ ಬಂದ ಇಟ್ಟಿಗೆಗೂ ಏನು ಸಂಬಂಧ? ಗಾತ್ರ ಬೇರೆ, ಮಣ್ಣು ಬೇರೆ, ಸುಡುವ ಸೌದೆ ಬೇರೆ.

ಇನ್ನು ನಮ್ಮ ಪಾಲಿಗೆ ಬರೋಣ. ಇಎನ್ 15978 ಅಂತ ಯುರೋಪಿನ ಒಂದು ಮಾನದಂಡ ಇದೆ, 2011ರದ್ದು. ಕಟ್ಟಡದ ಆಯಸ್ಸನ್ನೆಲ್ಲ ಅದು ಭಾಗ ಮಾಡಿದೆ. ಸಾಮಾನು ಫ್ಯಾಕ್ಟರಿ ಗೇಟ್ ದಾಟುವವರೆಗೆ ಎ1ರಿಂದ ಎ3, ಸೈಟಿಗೆ ಬರುವ ದಾರಿ ಎ4, ಸೈಟಿನೊಳಗಿನ ಕೆಲಸ ಎ5, ಆಮೇಲೆ ಬಳಕೆ, ರಿಪೇರಿ, ಕೊನೆಗೆ ಒಡೆಯುವುದು. ಎ4 ಮತ್ತು ಎ5 ಗುತ್ತಿಗೆದಾರನದ್ದು ಅಂತ ನಾನೂ ಒಪ್ಪುತ್ತೇನೆ. ಅದಕ್ಕೆ ಬೇಕಾದ ಕಾಗದ ನಮ್ಮ ಹತ್ತಿರವೇ ಇದೆ. ಎ4 ಅಂದರೆ ಏನು? ಲೋಕೋಪಯೋಗಿ ಇಲಾಖೆಯ ಕೆಲಸ ಮಾಡಿದವರಿಗೆಲ್ಲ ಲೀಡ್ ಸ್ಟೇಟ್‌ಮೆಂಟ್ ಗೊತ್ತು. ಜಲ್ಲಿ ಯಾವ ಕ್ವಾರಿಯಿಂದ, ಎಷ್ಟು ಕಿಲೋಮೀಟರ್, ಸಾಗಣೆ ರೇಟ್ ಎಷ್ಟು. ದುಡ್ಡಿಗೋಸ್ಕರ ಇಷ್ಟು ವರ್ಷದಿಂದ ದೂರ ಅಳೆದುಕೊಂಡೇ ಬಂದಿದ್ದೇವೆ. ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದರೆ ಎ4 ಮುಗಿಯಿತು. ತೂಕದ ಚೀಟಿ, ಇ-ವೇ ಬಿಲ್ ಎರಡೂ ಸೇರಿದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಂತ ಸಿಗುತ್ತದೆ.

ಎ5 ಸ್ವಲ್ಪ ಸಿಕ್ಕು. ಡೀಸೆಲ್ ಬುಕ್ ತರಿಸಿ ಸ್ಟೋರ್ ಕೀಪರ್ ಜೊತೆ ಕೂತೆ. ಉದ್ದನೆಯ ರಿಜಿಸ್ಟರ್, ಮೇಲೆ ಗಣಪತಿ ಸ್ಟಿಕರ್, ಒಳಗೆ ಎಣ್ಣೆ ಬೆರಳಿನ ಗುರುತು. ತಾರೀಕು, ಕ್ಯಾನ್ ಎಷ್ಟು, ಯಾವ ಮೆಷಿನ್, ಆಪರೇಟರ್ ಸಹಿ. ಅಚ್ಚುಕಟ್ಟಾಗಿತ್ತು. ಜನರೇಟರ್ ಇದೆ, ವೈಬ್ರೇಟರ್ ಇದೆ, ಮಿಕ್ಸರ್ ಇದೆ. ಜೆಸಿಬಿ ಎಲ್ಲೂ ಇಲ್ಲ.

"ಜೆಸಿಬಿ ಎಲ್ಲಣ್ಣ?"

"ಅದು ಬಾಡಿಗೇದು ಮೇಡಂ. ಗಂಟೆ ಲೆಕ್ಕ. ಡೀಸೆಲ್ ಅವ್ರೇ ಹಾಕ್ಕೊಂಡ್ ಬರ್ತಾರೆ, ನಮ್ಗ್ಯಾಕೆ?"

ನಮ್ಗ್ಯಾಕೆ ಅನ್ನುವ ಆ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಪಾಯ ಅಗೆದದ್ದು, ನೆಲ ಮಟ್ಟ ಮಾಡಿದ್ದು, ಸೈಟಿನ ಡೀಸೆಲ್‌ನಲ್ಲಿ ದೊಡ್ಡ ಪಾಲು ಅದೇ, ಮತ್ತು ಅದು ನಮ್ಮ ಪುಸ್ತಕದಲ್ಲಿ ಶೂನ್ಯ. ಜೆಸಿಬಿ ಮಾಲೀಕನಿಗೆ ಕಾರ್ಬನ್ ಅಂದರೆ ಸೈಲೆನ್ಸರ್‌ನಲ್ಲಿ ಕಟ್ಟುವ ಮಸಿ. ಕೊನೆಗೆ ಅವನ ಲಾಗ್‌ಶೀಟ್‌ನ ಗಂಟೆಗಳನ್ನು ತೆಗೆದುಕೊಂಡು ಗಂಟೆಗೆ 5 ಲೀಟರ್ ಅಂತ ಹಾಕಿದೆ. ಮುಂದಿನ ಸಲದಿಂದ ಲಾಗ್‌ಶೀಟ್‌ನಲ್ಲೇ ಡೀಸೆಲ್‌ಗೂ ಒಂದು ಗೆರೆ ಹಾಕಿಸುತ್ತೇನೆ. ಬಾಡಿಗೆ ಬಿಲ್ ಪಾಸ್ ಆಗಬೇಕಾದರೆ ಆ ಗೆರೆ ತುಂಬಿರಬೇಕು ಅಂದರೆ ಅವನೂ ತುಂಬುತ್ತಾನೆ. ದುಡ್ಡಿನ ಜೊತೆ ಗಂಟು ಹಾಕಿದರೆ ಅಳತೆ ತಾನಾಗೇ ಬರುತ್ತದೆ, ಇದು ಬಿಲ್ಲಿಂಗ್ ಕೆಲಸ ನನಗೆ ಕಲಿಸಿದ್ದು.

ಜನರೇಟರ್ ಲೆಕ್ಕ ಹಾಕುವಾಗ ಒಂದು ತಮಾಷೆ ಕಂಡಿತು. ಒಂದು ಲೀಟರ್ ಡೀಸೆಲ್‌ಗೆ 3ರಿಂದ 3.5 ಯುನಿಟ್ ಕರೆಂಟ್ ಬಂದರೆ ಯುನಿಟ್‌ಗೆ 0.8 ಕೆಜಿ ಆಚೀಚೆ ಆಗುತ್ತದೆ. ಗ್ರಿಡ್ ಕರೆಂಟ್ ಹೇಗೂ ಸ್ವಚ್ಛ ಅಂದುಕೊಂಡಿದ್ದೆವು, ಆದರೆ ದೇಶದ ಗ್ರಿಡ್‌ಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ (ಸಿಇಎ) ಕೊಡುವ ಅಂಕಿಯೂ ಯುನಿಟ್‌ಗೆ 0.7 ಕೆಜಿ ಹತ್ತಿರ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರುವ ಜಿಲ್ಲೆಯಲ್ಲೂ ಲೆಕ್ಕ ಮಾತ್ರ ದೇಶದ ಸರಾಸರಿಯದ್ದೇ. ಅಂದಮೇಲೆ ಜನರೇಟರ್ ಬಗ್ಗೆ ಅಷ್ಟು ಗಲಾಟೆ ಮಾಡುವವರು ಸಿಮೆಂಟ್ ಬಗ್ಗೆ ಯಾಕೆ ಸುಮ್ಮನಿರುತ್ತಾರೋ ಗೊತ್ತಾಗಲಿಲ್ಲ. ದೊಡ್ಡ ಜನರೇಟರ್ ಇಟ್ಟು ಒಂದೇ ಒಂದು ವೆಲ್ಡಿಂಗ್ ಮೆಷಿನ್ ಓಡಿಸುವುದು ಬೇರೆ ವಿಷಯ, ಅದು ಡೀಸೆಲ್ ಕುಡಿಯುತ್ತದೆ, ಅಲ್ಲಿ ಬೈಸಿಕೊಳ್ಳೋಣ.

ಒಂದೇ ಡೀಸೆಲ್ ನಮ್ಮ, ಮಾಲೀಕರ ಇಬ್ಬರ ಪುಸ್ತಕದಲ್ಲೂ ಬರುತ್ತದಲ್ಲ, ಎರಡು ಸಲ ಎಣಿಸಿದ ಹಾಗಾಗಲ್ವಾ ಅಂತ ನಮ್ಮ ಯಜಮಾನರು ಕೇಳಿದರು. ಹೌದು, ನಮ್ಮ ಸ್ಕೋಪ್ 1 ಅವರ ಸ್ಕೋಪ್ 3. ಆ ಪದ್ಧತಿ ಇರುವುದೇ ಹಾಗೆ. ಇಬ್ಬರ ಕೈಯಲ್ಲೂ ಅದನ್ನು ಇಳಿಸುವ ದಾರಿ ಇದೆ ಅನ್ನುವ ಕಾರಣಕ್ಕೆ ಇಬ್ಬರೂ ಬರೆಯಬೇಕು. ನಮ್ಮ ಅಂಕಿ ಅವರ ಅಂಕಿಗೆ ಕೂಡಿಸಿ ಜಿಲ್ಲೆಯ ಮೊತ್ತ ಅಂತ ಯಾರಾದರೂ ಹೇಳಿದರೆ ಮಾತ್ರ ತಪ್ಪು.

ಸರಿ, ಹಾಗಾದರೆ ಹಂಚಿಕೆ ಹೇಗೆ? ನನ್ನ ತಲೆಗೆ ಬರುವುದು ನಮ್ಮ ಹಳೇ ಎಂ ಬುಕ್ಕೇ. ಸರ್ಕಾರಿ ಕೆಲಸದಲ್ಲಿ ಜೂನಿಯರ್ ಎಂಜಿನಿಯರ್ ಅಳೆದು ಬರೆಯುತ್ತಾರೆ, ಗುತ್ತಿಗೆದಾರ ಜೊತೆಗಿದ್ದು ಒಪ್ಪಿ ಸಹಿ ಹಾಕುತ್ತಾರೆ, ಅವರ ಮೇಲಿನ ಅಧಿಕಾರಿ ಎಇಇ ಬಂದು ಚೆಕ್ ಅಳತೆ ಮಾಡುತ್ತಾರೆ. ಒಂದೇ ಪುಸ್ತಕ, ಹಲವು ಸಹಿ. ಯಾರೂ ಇನ್ನೊಬ್ಬರನ್ನು ನಂಬಿ ಕೂರಲ್ಲ, ಹಾಗೇ ಯಾರೂ ತಪ್ಪಿಸಿಕೊಳ್ಳೋಕೂ ಆಗಲ್ಲ. ಕಾರ್ಬನ್‌ಗೂ ಇದೇ ಸಾಕು. ಡಿಸೈನ್ ಮಾಡಿದವರು ಡ್ರಾಯಿಂಗ್ ಜೊತೆಗೇ ತಮ್ಮ ಅಂದಾಜನ್ನು ಮೊದಲ ಪುಟದಲ್ಲಿ ಬರೆಯಲಿ. ನಾವು ಕಾಂಕ್ರೀಟ್ ಪ್ಲಾಂಟಿನ ಬ್ಯಾಚ್ ರಿಪೋರ್ಟ್, ಚಲನ್, ಡೀಸೆಲ್ ಬುಕ್ ನೋಡಿ ಪ್ರತಿ ಆರ್‌ಎ ಬಿಲ್ (ಕೆಲಸ ನಡೆಯುವಾಗಿನ ಕಂತಿನ ಬಿಲ್) ಜೊತೆ ನಿಜವಾಗಿ ಆದದ್ದನ್ನು ಬರೆಯುತ್ತೇವೆ. ಮಾಲೀಕರ ಎಂಜಿನಿಯರ್ ಚೆಕ್ ಮಾಡಲಿ. ಡಿಸೈನರ್ 320 ಕೆಜಿ ಅಂದುಕೊಂಡ ಕಡೆ ಪ್ಲಾಂಟ್‌ನವರು ಧೈರ್ಯಕ್ಕೆ 350 ಸುರಿದಿದ್ದರೆ ಬ್ಯಾಚ್ ರಿಪೋರ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಅದೂ ಕೆಲಸ ನಡೆಯುತ್ತಿರುವಾಗಲೇ, ಮುಂದಿನ ಸ್ಲ್ಯಾಬ್‌ಗೆ ಸರಿಮಾಡಿಕೊಳ್ಳಬಹುದು.

ಸಣ್ಣವರ ಪಾಡು ಮಾತ್ರ ಬೇರೆ. ದೊಡ್ಡ ಸಿಮೆಂಟ್ ಕಂಪನಿಗಳು ಇಪಿಡಿ ಮಾಡಿಸುತ್ತವೆ, ಅಂದರೆ ತಮ್ಮ ಸಾಮಾನಿನ ಕಾರ್ಬನ್ ಎಷ್ಟು ಅಂತ ಹೊರಗಿನವರಿಂದ ಪರೀಕ್ಷೆ ಮಾಡಿಸಿದ ಪತ್ರ. ಊರ ಹೊರಗೆ ಸಿಮೆಂಟ್ ಬ್ಲಾಕ್ ಒತ್ತುವವನಿಗೋ, ಚಪ್ಪಡಿ ಕಲ್ಲು ಸೀಳುವವನಿಗೋ ಅದನ್ನು ಮಾಡಿಸಿ ಅಂದರೆ ಮೂಗಿಗಿಂತ ಮೂಗುತಿ ಭಾರ. ಪತ್ರ ಇಲ್ಲ ಅಂತ ಅವರನ್ನು ಬಿಟ್ಟು ದೂರದಿಂದ ಪತ್ರ ಇರುವ ಬ್ಲಾಕ್ ತರಿಸಿದರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಕೈ ಉಳಿಯಿಂದ ಸೀಳಿದ ಕಲ್ಲಿನಲ್ಲಿ ಕಾರ್ಬನ್ ಎಲ್ಲಿಂದ ಬರಬೇಕು?

ನಮ್ಮ ಜಿಲ್ಲೆಗೆ ಇದೆಲ್ಲ ಹೊಸದೂ ಅಲ್ಲ. ಅಸ್ತ್ರ ಒಲೆ ಕೇಳಿದ್ದೀರಲ್ಲ, ಹಳ್ಳಿಗೆ ಒಗ್ಗುವ ತಂತ್ರಜ್ಞಾನದ ಆ ಅಸ್ತ್ರ ಕೇಂದ್ರ 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದದ್ದು, ಅದರ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿದ ಬ್ಲಾಕ್ ಮೇಲೆ ಅಲ್ಲಿನವರು ವರ್ಷಗಟ್ಟಲೆ ಕೆಲಸ ಮಾಡಿದರು. ಅದೇ ಬಳಗದ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಇಂಥ ಬ್ಲಾಕ್‌ನ ಗೋಡೆಗೆ ಹೋಗುವ ಶಕ್ತಿ ಸುಟ್ಟ ಇಟ್ಟಿಗೆ ಗೋಡೆಯ ಮೂರನೇ ಒಂದು ಪಾಲಿನ ಆಸುಪಾಸು. ನಮ್ಮಲ್ಲೇ ಅಳೆದ ಅಂಕಿ ಇಟ್ಟುಕೊಂಡು ಇಂಗ್ಲೆಂಡಿನ ಶೀಟ್ ತುಂಬುತ್ತಾ ಕೂತಿದ್ದೇವೆ!

ಶುಕ್ರವಾರದ ಶೀಟ್ ಕಳಿಸಿದೆ. ಯಾವುದು ಅಳತೆ, ಯಾವುದು ಅಂದಾಜು ಅಂತ ಪಕ್ಕದಲ್ಲಿ ಬರೆದೇ ಕಳಿಸಿದೆ. ಅಂದಾಜೇ ಜಾಸ್ತಿ ಇತ್ತು. ಕನ್ಸಲ್ಟೆಂಟ್ ಥ್ಯಾಂಕ್ಸ್ ಅಂತ ಉತ್ತರ ಹಾಕಿದರು, ಒಂದು ಪ್ರಶ್ನೆಯೂ ಬರಲಿಲ್ಲ. ಅದೇ ನನಗೆ ಬೇಜಾರು. ಬಿಲ್ಲಿನಲ್ಲಿ 200 ರೂಪಾಯಿ ಹೆಚ್ಚು ಬರೆದರೆ ಮೂರು ಸಲ ಫೋನ್ ಮಾಡುವವರು ಇವರೇ ಅಲ್ವಾ?

ಈಗ ಇನ್ನೊಂದು ಟೆಂಡರ್ ತುಂಬುತ್ತಿದ್ದೇವೆ, ಇದೂ ಶೆಡ್ಡೇ. ಕೆಲಸ, ಪ್ರಮಾಣ, ದರದ ಪಟ್ಟಿ ಬಿಒಕ್ಯೂನ ಕೊನೆಗೆ ನಾನೇ ಒಂದು ಐಟಂ ಸೇರಿಸಿ ಯಜಮಾನರ ಮುಂದೆ ಇಟ್ಟೆ. ಪ್ರತಿ ಆರ್‌ಎ ಬಿಲ್ ಜೊತೆ ಎ4, ಎ5 ಅಳತೆ, ಬ್ಯಾಚ್ ರಿಪೋರ್ಟ್ ಪ್ರಕಾರ ಸಿಮೆಂಟ್, ಮಾಲೀಕರ ಎಂಜಿನಿಯರ್ ಜೊತೆ ಜಂಟಿ ಸಹಿ, ಲಂಪ್‌ಸಮ್. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಕೆಲ್ಸ ಜಾಸ್ತಿ ಏನಿಲ್ಲ ಬಿಡಮ್ಮ, ಪೇಪರ್ ಎಲ್ಲಾ ಇದ್ದೇ ಇರುತ್ತೆ. ರೇಟ್ ಎಷ್ಟು ಹಾಕೋದು?" ಅಂದರು. ಕಡಿಮೆ ಹಾಕಿದರೆ ಇದನ್ನು ಯಾರೂ ಗಂಭೀರವಾಗಿ ತಗೊಳ್ಳಲ್ಲ, ಜಾಸ್ತಿ ಹಾಕಿದರೆ ಮೊದಲು ಹೊಡೆದುಹಾಕುವ ಐಟಂ ಇದೇ. ನಮಗೆ ಒಬ್ಬರು ಹುಡುಗರು ವಾರಕ್ಕೆ ಅರ್ಧ ದಿನ ಕೂತರೆ ಸಾಕಾಗುತ್ತದೆ, ಆ ಸಂಬಳದ ಲೆಕ್ಕದಲ್ಲಿ ಒಂದು ಅಂಕಿ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಟೆಂಡರ್ ಹಾಕುವುದು ಮುಂದಿನ ವಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಯಾರಾದರೂ ಇಂಥ ಐಟಂ ಹಾಕಿ ಕೆಲಸ ಗೆದ್ದಿದ್ದರೆ ಯಾವ ರೇಟ್‌ಗೆ ಒಪ್ಪಿದರು ಅಂತ ದಯವಿಟ್ಟು ತಿಳಿಸಿ.